ಗೇರುಬೀಜದೊಳಗಿನ ನಾಯಿ

ಜೀವನದಲ್ಲಿ ನಾನು ಬರೆದ ಕೊನೆಯ ಪರೀಕ್ಷೆಯಲ್ಲಿ ನನಗೆ ಸಿಕ್ಕಿದ್ದು ಹತ್ತಕ್ಕೆ ಸೊನ್ನೆ. ಪರೀಕ್ಷೆ ನಡೆದದ್ದು ನಮ್ಮೂರಿನ ಬೀಡಿ ಬ್ರಾಂಚಿನ ಜಗಲಿಯಲ್ಲಿ. ಸೊನ್ನೆ ಸಿಕ್ಕಿದ ಖುಷಿಗೆ ಮನೆಗೆ ಬಂದು ದೇವರ ಮುಂದೆ ಒಂದು ದೀಪ ಹೆಚ್ಚು ಹಚ್ಚಿದೆ, ಯಾಕೆಂದರೆ ಆ ಪರೀಕ್ಷೆಯಲ್ಲಿ ಅಂಕ ಹೆಚ್ಚಾದಷ್ಟೂ ಕೆಟ್ಟದು. ಆ ಸೊನ್ನೆ ಸುಳ್ಳು ಎಂದು ದೇವರಿಗೆ ಗೊತ್ತಿತ್ತು. ಆದರೂ ದೀಪ ನಂದಲಿಲ್ಲ. ದೊಡ್ಡವರು ದೊಡ್ಡವರೇ.

ಪರೀಕ್ಷೆಗೆ ನಾನು ಕೂತದ್ದು ಯಾಕೆಂದು ಹೇಳಬೇಕಾದರೆ ಅದರ ಹಿಂದಿನ ಆಟಿ ತಿಂಗಳಿನಿಂದ, ಎಂದರೆ ಜಡಿಮಳೆಯ ಆಷಾಢದಿಂದ, ಶುರು ಮಾಡಬೇಕು.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮನೆಯಲ್ಲಿರುವುದು ನಾನು, ಶಾಲೆಯಲ್ಲಿ ಪಾಠ ಮಾಡುವ ಸೊಸೆ, ಮತ್ತು ಅವಳ ಮಗಳು. ಮಗ ದುಬೈಯ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಾನೆ. ಇಲ್ಲಿದ್ದಾಗ ಒಂದು ಲೋಟ ತೊಳೆದವನಲ್ಲ. ಮೊಮ್ಮಗಳಿಗೆ ಆಗ ನಾಲ್ಕು ವರ್ಷ. ಸೊಸೆ ಶಾಲೆಗೆ ಹೋದ ಮೇಲೆ ಅವಳಿಗೆ ಊಟ ಮಾಡಿಸುವ ಕೆಲಸ ನನ್ನದು. ಒಂದು ತುತ್ತು ಬಾಯಿಗಿಟ್ಟರೆ ಅದನ್ನು ಕೆನ್ನೆಯಲ್ಲಿಟ್ಟುಕೊಂಡು ಅರ್ಧ ಗಂಟೆ ಕೂರುವ ಮಗು. ಅಷ್ಟು ಹೊತ್ತಿನಲ್ಲಿ ನಾನು ವಿಷ್ಣು ಸಹಸ್ರನಾಮ ಮುಗಿಸಿ ಲಲಿತಾ ಸಹಸ್ರನಾಮಕ್ಕೆ ಕೈ ಹಾಕಬಹುದಿತ್ತು. ಅದಕ್ಕೆ ನಾನೊಂದು ಸುಲಭದ ದಾರಿ ಕಂಡುಕೊಂಡಿದ್ದೆ: ಕಳೆಂಜ.

ಆಟಿಯಲ್ಲಿ ನಮ್ಮ ಕಡೆ ಮನೆಮನೆಗೆ ಕಳೆಂಜ ಬರುತ್ತಾನೆ. ಮುಖಕ್ಕೆ ಬಣ್ಣ, ಸೊಂಟಕ್ಕೆ ಎಳೆಯ ತೆಂಗಿನ ಗರಿ, ಕಾಲಿಗೆ ಗಲಗಲ ಎನ್ನುವ ಗಗ್ಗರ, ಕೈಯಲ್ಲಿ ಓಲೆಯ ಕೊಡೆ. ಅಂಗಳದಲ್ಲಿ ಕುಣಿದು, ಮನೆಗೆ ಹಿಡಿದ ಮಾರಿಯನ್ನು, ಕಾಯಿಲೆ ಕಸಾಲೆಯನ್ನು ಓಡಿಸಿ, ನಾವು ಕೊಟ್ಟ ಅಕ್ಕಿ, ತೆಂಗಿನಕಾಯಿ, ಅರಿಶಿನವನ್ನು ಜೋಳಿಗೆಗೆ ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಾನೆ. ರೋಗ ಬಂದ ಮೇಲೆ ಮದ್ದು ಕೊಡುವವನಲ್ಲ, ಬಾರದ ಹಾಗೆ ಮಾಡುವವನು. ಇಷ್ಟು ಒಳ್ಳೆಯ ಜನವನ್ನು ನಾನು ಮಕ್ಕಳನ್ನು ಹೊತ್ತುಕೊಂಡು ಹೋಗುವವನನ್ನಾಗಿ ಮಾಡಿಬಿಟ್ಟಿದ್ದೆ. ನುಂಗು, ಇಲ್ಲದಿದ್ದರೆ ಕಳೆಂಜ ಬಂದು ಜೋಳಿಗೆಗೆ ಹಾಕ್ತಾನೆ. ನನ್ನ ಅಮ್ಮ ನನಗೆ ಹೇಳಿದ್ದು, ನಾನು ಮಗನಿಗೆ ಹೇಳಿದ್ದು, ಈಗ ಮೊಮ್ಮಗಳಿಗೆ. ವರ್ಷಕ್ಕೊಮ್ಮೆ ಬರುವವನನ್ನು ನಾನು ದಿನಕ್ಕೆ ಮೂರು ಹೊತ್ತು ಕರೆಸುತ್ತಿದ್ದೆ.

ಆ ವರ್ಷ ಅವನು ನಿಜವಾಗಿಯೂ ಅಂಗಳಕ್ಕೆ ಬಂದಾಗ ಮಗು ನನ್ನ ಸೀರೆಯ ಹಿಂದೆ ನಿಂತಿತ್ತು, ಕೆನ್ನೆಯಲ್ಲಿ ತುತ್ತು ಹಾಗೆಯೇ ಇತ್ತು. ನನಗೆ ತಮಾಷೆ ಮಾಡುವ ಹುಕಿ ಬಂತು. ಅವಳನ್ನು ಎತ್ತಿ ಮುಂದೆ ಹಿಡಿದು, ಇಕೊಳ್ಳಿ, ಇವಳು ಊಟ ಮಾಡುವುದಿಲ್ಲ, ಕೊಂಡುಹೋಗಿ ಎಂದೆ. ಅವನೂ ತಮಾಷೆಗೆ ಜೋಳಿಗೆಯ ಬಾಯಿ ಅಗಲಿಸಿದ. ನಾನು ನಕ್ಕೆ, ಅವನು ನಕ್ಕ, ಅವನ ಜೊತೆ ಬಂದಿದ್ದ ಡೋಲು ಬಡಿಯುವವನೂ ನಕ್ಕ. ಮಗು ಅಳಲಿಲ್ಲ. ಧೈರ್ಯದ ಹುಡುಗಿ ಎಂದು ನಾನು ಹೆಮ್ಮೆಪಟ್ಟುಕೊಂಡೆ. ಕೈಯ ಮೇಲೆ ನೀರು ಹರಿಯಿತು, ಮಳೆ ಎಂದುಕೊಂಡೆ. ಮಳೆ ಬಿಸಿಯಾಗಿರುವುದಿಲ್ಲ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಅಲ್ಲಿಂದ ಮಗು ಹೊರಗಿನವರ ಹತ್ತಿರ ಮಾತು ನಿಲ್ಲಿಸಿತು. ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಯಿತು. ಗಲಗಲ ಎನ್ನುವ ಯಾವ ಶಬ್ದ ಕೇಳಿದರೂ ಓಡಿ ಮಂಚದಡಿ ಸೇರುತ್ತಿದ್ದಳು. ಆಡಿನ ಕುತ್ತಿಗೆಯ ಗಂಟೆಯಾದರೂ ಸರಿ, ಪಕ್ಕದ ಮನೆಯ ಬೀಗದ ಕೈಗೊಂಚಲಾದರೂ ಸರಿ. ಕೊನೆಗೆ ನಾನು ಸಂಜೆಯ ಪೂಜೆಗೆ ಗಂಟೆ ಅಲ್ಲಾಡಿಸಿದರೂ ಅಷ್ಟೇ. ಮದುವೆಯಾಗಿ ಬಂದ ದಿನದಿಂದ ಈ ಮನೆಯಲ್ಲಿ ಸಂಜೆಯ ಗಂಟೆ ತಪ್ಪಿದ್ದಿಲ್ಲ, ಸೂತಕದಲ್ಲಿ ಮಾತ್ರ. ಒಂದು ವರ್ಷ ನಾನು ಗಂಟೆಯಿಲ್ಲದೆ ಆರತಿ ಎತ್ತಿದೆ. ದೇವರನ್ನು ಭುಜ ತಟ್ಟಿ ಎಬ್ಬಿಸುವ ಹಾಗೆ, ಮೆಲ್ಲಗೆ ಕೆಮ್ಮುತ್ತಿದ್ದೆ.

ಹೆದರಿಕೆಗೆ ನೂಲು ಕಟ್ಟಿಸಿದೆ. ದೃಷ್ಟಿ ತೆಗೆದೆ. ದೇವಸ್ಥಾನಕ್ಕೆ ಹೂವಿನ ಪೂಜೆ ಹೇಳಿಕೊಂಡೆ. ನಾನೇ ಹೆದರಿಸಿ, ಹೆದರಿಕೆ ಬಿಡಿಸಲು ನಾನೇ ದೇವರ ಹತ್ತಿರ ಹೋದದ್ದು. ಆ ದೇವರ ಮುಖದಲ್ಲಿ ಒಂದು ನಗೆ ಇತ್ತೆಂದು ನನಗೆ ಈಗಲೂ ಅನುಮಾನ.

ಸೊಸೆ ಜಗಳದ ಹೆಂಗಸಲ್ಲ. ಅದೇ ಕಷ್ಟ. ಒಂದು ದಿನ ಒದ್ದೆ ಹಾಸಿಗೆ ಒಣಗಿಸಿ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು:

"ಅತ್ತೆ, ಬರುವ ಆಟಿಯವರೆಗೆ ನೋಡ್ತೇನೆ. ಇವಳಿಗೆ ಈ ಮನೆಯಲ್ಲಿ ಹೆದರಿಕೆ ಹೋಗದಿದ್ದರೆ ವಿಟ್ಲಕ್ಕೆ ಕರಕೊಂಡು ಹೋಗ್ತೇನೆ. ಸೋಣ ಬಂದರೂ ಬರುವುದಿಲ್ಲ."

ವಿಟ್ಲ ಅವಳ ತವರು. ನಮ್ಮಲ್ಲಿ ಹೊಸ ಮದುಮಗಳು ಆಟಿಯಲ್ಲಿ ತವರಿಗೆ ಹೋಗಿ ಕೂರುವುದು, ಸೋಣ ತಿಂಗಳು ಹುಟ್ಟಿದ ಮೇಲೆ ಗಂಡನ ಮನೆಗೆ ಬರುವುದು ಕ್ರಮ. ಸೋಣ ಬಂದರೂ ಬರುವುದಿಲ್ಲ ಎಂದರೆ ಮತ್ತೆ ಹೇಳಲು ಏನೂ ಉಳಿಯುವುದಿಲ್ಲ. ಅವಳು ಸ್ವರ ಎತ್ತಲಿಲ್ಲ ನೋಡಿ. ಎತ್ತಿದ್ದರೆ ನಾನೂ ಎತ್ತಿ, ಇಬ್ಬರೂ ಅತ್ತು, ಒಂದು ಚಾ ಕುಡಿದು ಮುಗಿಸಬಹುದಿತ್ತು.

ಮಳೆಗಾಲ ಮುಗಿದ ಮೇಲೆ ಮೂಡುಬಿದಿರೆಯಿಂದ ಒಬ್ಬಳು ಡಾಕ್ಟ್ರು ಹುಡುಗಿ ಬರಲು ಶುರು ಮಾಡಿದಳು. ಜ್ವರಕ್ಕೆ ಮಾತ್ರೆ ಕೊಡುವ ಡಾಕ್ಟ್ರಲ್ಲ. ಮಕ್ಕಳ ಮೆದುಳಿನ ವಿಷಯ ಓದಿದವಳು. ಬೆಳಗ್ಗಿನ ಬಸ್ಸಿಗೆ ಬಂದು, ಬೀಡಿ ಬ್ರಾಂಚಿಗೆ ಹೆಂಗಸರು ಮನೆಯಲ್ಲಿ ಕಟ್ಟಿದ ಬೀಡಿ ಕೊಡಲು ಸೇರುವ ಹೊತ್ತಿಗೆ ಸರಿಯಾಗಿ ಜಗಲಿಯಲ್ಲಿ ಕೂರುತ್ತಿದ್ದಳು. ನಮ್ಮ ಹೆಂಗಸರನ್ನು ಒಟ್ಟಿಗೆ ಹಿಡಿಯಬೇಕಾದರೆ ಎರಡೇ ಜಾಗ, ಒಂದು ಭಜನೆ, ಇನ್ನೊಂದು ಬೀಡಿ ಬ್ರಾಂಚು. ಭಜನೆಗೆ ಬಾರದವರೂ ಬ್ರಾಂಚಿಗೆ ಬರುತ್ತಾರೆ. ಹುಡುಗಿ ಹುಷಾರು.

ಕಷ್ಟವೆಂದರೆ ಅವಳಿಗೆ ತುಳು ಬಾರದು. ಘಟ್ಟದ ಮೇಲಿನಿಂದ ಬಂದವಳು. ಅವಳ ಕೈಯಲ್ಲಿದ್ದ ಕಾಗದದ ಕಟ್ಟಿನ ಮೇಲೆ "ಪ್ರತಿಕೂಲ ಬಾಲ್ಯಾನುಭವಗಳ ನರವೈಜ್ಞಾನಿಕ ಪರಿಣಾಮಗಳು ಹಾಗೂ ಸಮುದಾಯಾಧಾರಿತ ತಡೆಗಟ್ಟುವಿಕೆ" ಎಂದು ಬರೆದಿತ್ತು. ಅದನ್ನು ಒಂದೇ ಉಸಿರಿಗೆ ಓದಿದರೆ ಓದಿದವರಿಗೇ ಪ್ರತಿಕೂಲ ಪರಿಣಾಮ. ತುಳುವಿನಲ್ಲಿ ಹೇಳಿಕೊಡಲು ಯಾರಾದರೂ ಬೇಕು ಎಂದು ಅವಳು ಶಾಲೆಯಲ್ಲಿ ಕೇಳಿದಾಗ, ನನ್ನ ಸೊಸೆ ನನ್ನ ಹೆಸರು ಕೊಟ್ಟಿದ್ದಳು. ಭಜನಾ ಮಂಡಳಿಯಲ್ಲಿ ಗಟ್ಟಿಯಾಗಿ ಓದುವವಳು ನಾನು, ಅದಕ್ಕೇ ಕೊಟ್ಟಿರಬೇಕೆಂದು ಉಬ್ಬಿದೆ. ಮಾಂಸಕ್ಕೆ ಮಸಾಲೆ ಹಿಡಿಯಲು ಬಿಡುವ ಹಾಗೆ ನನ್ನನ್ನು ಅಲ್ಲಿ ಬಿಟ್ಟದ್ದು ಎಂದು ಆಮೇಲೆ ತಿಳಿಯಿತು.

ಮೊದಲ ದಿನ ಡಾಕ್ಟ್ರು ಮೆದುಳಿನ ಚಿತ್ರ ತೋರಿಸಿ, ಒಳಗೆ ಬಾದಾಮಿಯಷ್ಟು ದೊಡ್ಡ ಒಂದು ಭಾಗ ಇದೆ, ಅಪಾಯ ಬಂದಾಗ ಅದು ಎಚ್ಚರಿಸುತ್ತದೆ ಎಂದಳು. ಬಾದಾಮಿ ನಮ್ಮಲ್ಲಿ ಪಾಯಸಕ್ಕೆ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ನಾನು ಗೇರುಬೀಜ ಎಂದೆ. ಎಚ್ಚರಿಸುವುದು ಎಂದರೆ ಹೇಗೆ? ನಾಯಿ ಬೊಗಳಿದ ಹಾಗೆ ಎಂದೆ. ಪ್ರತಿ ಮಗುವಿನ ತಲೆಯಲ್ಲಿ ಗೇರುಬೀಜದಷ್ಟು ಜಾಗದಲ್ಲಿ ಒಂದು ನಾಯಿ ಉಂಟು. ಕಳ್ಳ ಬಂದಾಗ ಬೊಗಳಬೇಕಾದ್ದೇ. ಆದರೆ ಮನೆಯವರೇ ದಿನಾ ಅದಕ್ಕೆ ಕಲ್ಲು ಹೊಡೆದರೆ, ಆಮೇಲೆ ಅದು ಎಲೆ ಬಿದ್ದರೂ ಬೊಗಳುತ್ತದೆ, ನೆಂಟರು ಬಂದರೂ ಬೊಗಳುತ್ತದೆ, ನಿದ್ರೆ ಮಾಡಲು ಬಿಡುವುದಿಲ್ಲ, ಪಾಠ ತಲೆಗೆ ಹತ್ತಲು ಬಿಡುವುದಿಲ್ಲ.

ಹೆಂಗಸರಿಗೆ ಒಮ್ಮೆಗೇ ಅರ್ಥವಾಯಿತು. ಒಬ್ಬಳು ಮಾತ್ರ, ಅಷ್ಟು ಸಣ್ಣ ಗೇರುಬೀಜದಲ್ಲಿ ನಾಯಿ ಹೇಗೆ ಕೂರುತ್ತದೆ ಎಂದು ಕೇಳಿದಳು. ಮಡಚಿಕೊಂಡು ಎಂದೆ. ಡಾಕ್ಟ್ರು ಏನು ಹೇಳಿದಿರಿ ಎಂದು ಕೇಳಿದಳು. ಹೇಳಿದೆ. ಅವಳು ಪುಸ್ತಕ ತೆಗೆದು ಬರೆದುಕೊಂಡಳು. ಅಷ್ಟು ಓದಿದವಳು ನನ್ನ ಮಾತು ಬರೆದುಕೊಂಡದ್ದು ನೋಡಿ ನನಗೆ ಎರಡು ದಿನ ನೆಲ ಕಾಣಲಿಲ್ಲ. ಮೂರನೆಯ ದಿನ ಬೊಗಳುವ ನಾಯಿ ಯಾರ ಮನೆಯದ್ದೆಂದು ನೆನಪಾಯಿತು. ಆ ದಿನದ ಮಟ್ಟಿಗೆ ಸೊಸೆ ಮನೆಗೆ ತಡವಾಗಿ ಬಂದದ್ದೇ ದೇವರ ದಯೆ.

ಹತ್ತು ಪ್ರಶ್ನೆಗಳ ಪರೀಕ್ಷೆ ನಡೆದದ್ದು ಇನ್ನೊಂದು ದಿನ. ಹದಿನೆಂಟು ತುಂಬುವ ಮೊದಲು ಮನೆಯ ಹಿರಿಯರು ಆಗಾಗ ಹೊಡೆಯುತ್ತಿದ್ದರೇ, ಅವಮಾನ ಮಾಡುತ್ತಿದ್ದರೇ, ಮನೆಯಲ್ಲಿ ಕುಡಿತ ಇತ್ತೇ, ಹೊಟ್ಟೆಗಿಲ್ಲದೆ ಇದ್ದಿರಾ, ಅಮ್ಮನಿಗೆ ಯಾರಾದರೂ ಹೊಡೆಯುವುದನ್ನು ನೋಡಿದ್ದೀರಾ, ಇಂಥವು. ಹೌದಾದರೆ ಒಂದು ಅಂಕ. ಉತ್ತರವನ್ನು ಮನಸ್ಸಿನಲ್ಲೇ ಎಣಿಸಿಕೊಳ್ಳಬೇಕು, ಯಾರಿಗೂ ಹೇಳಬೇಕಾಗಿಲ್ಲ ಎಂದು ಕಾಗದದ ಮೊದಲ ಸಾಲಿನಲ್ಲೇ ಬರೆದಿತ್ತು. ಆ ಸಾಲನ್ನು ನಾನು ಹಾರಿಸಿದೆ. ಮೊದಲ ಸಾಲಿನಲ್ಲಿ ಯಾವಾಗಲೂ ಸ್ವಾಗತ ಇರುವುದು, ಓದಿ ಏನಾಗಬೇಕು?

ಹಾಗಾಗಿ ಪ್ರತಿ ಪ್ರಶ್ನೆಗೂ ಜಗಲಿಯೇ ಉತ್ತರ ಕೊಟ್ಟಿತು. ಕುಡಿತದ ಪ್ರಶ್ನೆಗೆ ಒಬ್ಬಳು, ನಮ್ಮಲ್ಲಿ ಮೂವರು ಕುಡಿಯುತ್ತಿದ್ದರು, ಮೂರು ಅಂಕ ಕೊಡಬೇಕು ಎಂದು ಹಟ ಹಿಡಿದಳು. ಇನ್ನೊಬ್ಬಳು, ಬೆತ್ತಕ್ಕೂ ಸೌದೆ ಕೊಳ್ಳಿಗೂ ಒಂದೇ ಅಂಕವೇ ಎಂದು ನ್ಯಾಯ ಕೇಳಿದಳು. ಆರು ಸಿಕ್ಕಿದವಳನ್ನು ಏಳು ಸಿಕ್ಕಿದವಳು, ನಿನ್ನದು ಯಾವ ಮಹಾ ಎಂಬ ಹಾಗೆ ನೋಡಿದಳು. ಬೀಡಿ ಪರೀಕ್ಷಿಸುವ ಗಂಡಸು ಒಳಗಿನಿಂದ ಇಣುಕಿ ಏನು ಸಂಭ್ರಮವೆಂದು ನೋಡಿ ಹೋದ. ಡಾಕ್ಟ್ರಿನ ಮುಖ ಬಿಳಿಚಿತ್ತು. ಅಂಕ ಹೆಚ್ಚಾದರೆ ಬಹುಮಾನ ಇಲ್ಲ, ಅದು ಮೈಗೆ ಮನಸ್ಸಿಗೆ ಬಿದ್ದ ಭಾರದ ಲೆಕ್ಕ ಎಂದು ಅವಳು ಹೇಳಿದಾಗ ಜಗಲಿ ಮೆಲ್ಲಗೆ ತಣ್ಣಗಾಯಿತು.

ಆಗಲೇ ಯಾರೋ ನನ್ನ ಅಂಕ ಕೇಳಿದ್ದು. ಸೊನ್ನೆ ಎಂದೆ. ನಮ್ಮದು ಸಂಸ್ಕಾರವಂತರ ಮನೆ, ತಂದೆ ತಾಯಿ ದೇವರ ಸಮಾನ ಎಂದೂ ಸೇರಿಸಿದೆ.

ಎಂಟು ಅಂಕದ ನನ್ನ ಗೆಳತಿ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಳು. ಬೆಳ್ತಂಗಡಿ ಕಡೆಯ ನನ್ನ ತವರಿನಲ್ಲಿ ಅವಳದು ಗದ್ದೆಯಾಚೆಯ ಮನೆ. ಒಟ್ಟಿಗೆ ಶಾಲೆಗೆ ಹೋದವರು, ಒಂದೇ ಊರಿಗೆ ಮದುವೆಯಾಗಿ ಬಂದವರು. ಅವಳ ಗಂಡನೇ ಆಟಿಯಲ್ಲಿ ನಮ್ಮ ಅಂಗಳಕ್ಕೆ ಬರುವ ಕಳೆಂಜ. ಮಾತೆಲ್ಲ ತುಳುವಿನಲ್ಲಿ, ಕನ್ನಡ ಮಾಡಿ ಬರೆಯುತ್ತೇನೆ.

"ಸೊನ್ನೆಯಾ? ನಿನ್ನಪ್ಪ ನಿನ್ನನ್ನು ಕೆಂಪಿರುವೆಯ ಮಾವಿನ ಮರಕ್ಕೆ ಕಟ್ಟಿಹಾಕಿದ್ದು ಯಾವ ಲೆಕ್ಕಕ್ಕೆ ಬರ್ತದೆ ಮಾರಾಯ್ತಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ನಮ್ಮ ಮನೆಯ ಹಳೆಯ ತಮಾಷೆ. ಕಲಿತ ಮಗ್ಗಿ ತಪ್ಪಿದ್ದಕ್ಕೆ ಅಪ್ಪ ನನ್ನನ್ನು ಮರಕ್ಕೆ ಕಟ್ಟಿದ್ದು, ಇರುವೆ ಹತ್ತಿ ನಾನು ಕುಣಿದದ್ದು, ಹದಿನಾಲ್ಕರ ಮಗ್ಗಿ ಇವತ್ತಿಗೂ ನಿದ್ರೆಯಲ್ಲಿ ಬರುವುದು. ಮದುವೆ ಮುಂಜಿಗಳಲ್ಲಿ ಈ ಕತೆಯನ್ನು ನಾನೇ ಕೈಕಾಲು ಕುಣಿಸಿ ಹೇಳಿ ನಗಿಸಿದ್ದೇನೆ.

"ನೀನು ಆಗ ನಗ್ತಿದ್ದೆಯಾ?" ಎಂದಳು ಅವಳು.

ಕೇಳಿದ್ದು ಅಷ್ಟೇ, ಬೀಡಿ ಎಣಿಸುವ ಸ್ವರದಲ್ಲಿ. ನಾನು ಕನ್ನಡಕ ಒರೆಸಿದೆ. ಕನ್ನಡಕದಲ್ಲಿ ಏನೂ ಇರಲಿಲ್ಲ.

ನನ್ನನ್ನು ಮರದಿಂದ ಬಿಚ್ಚಿದ್ದು ಅಜ್ಜಿ. ಅಪ್ಪನಿಗೆ ಒಂದು ಮಾತು ಹೇಳಲಿಲ್ಲ, ನನಗೂ ಬುದ್ಧಿ ಹೇಳಲಿಲ್ಲ. ತೆಂಗಿನೆಣ್ಣೆ ಹಚ್ಚಿ, ಕತ್ತಲಾಗುವವರೆಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕತೆ ಹೇಳುವಾಗೆಲ್ಲ ಈ ಭಾಗವನ್ನು ನಾನು ಬಿಟ್ಟುಬಿಡುತ್ತಿದ್ದೆ. ಅದರಲ್ಲಿ ನಗಲು ಏನೂ ಇರಲಿಲ್ಲ. ಡಾಕ್ಟ್ರು ಆಮೇಲೆ ಹೇಳಿದ್ದೂ ಇದನ್ನೇ: ಅಂಕ ಎಂದರೆ ಹಣೆಬರಹ ಅಲ್ಲ, ಹತ್ತಿರ ಒಬ್ಬರಾದರೂ ಗಟ್ಟಿಯಾಗಿ ನಿಲ್ಲುವ ದೊಡ್ಡವರಿದ್ದರೆ ಮಗುವಿನ ಮೆದುಳು ಬಹಳಷ್ಟನ್ನು ತಡೆದುಕೊಳ್ಳುತ್ತದೆ. ಅದನ್ನು ತುಳುವಿಗೆ ತರುವಾಗ ನನಗೆ ಉಪಮೆ ಹುಡುಕಬೇಕಾಗಲಿಲ್ಲ. ಅಜ್ಜಿ ಎಂದರೆ ಸಾಕಾಯಿತು. ಹೇಳಿ ಮುಗಿಸಿದ ಮೇಲೆ ನೆನಪಾಯಿತು, ಈಗ ನಮ್ಮ ಮನೆಯಲ್ಲಿ ಅಜ್ಜಿ ನಾನು.

ಗೆಳತಿ ಬುಟ್ಟಿ ಎತ್ತಿಕೊಂಡು ಹೊರಟಾಗ ಇನ್ನೊಂದು ಮಾತು ಹೇಳಿದಳು. ಆ ದಿನ ಅವಳ ಗಂಡ ನಮ್ಮ ಅಂಗಳದಿಂದ ಮನೆಗೆ ಹೋಗಿ ಬಣ್ಣ ತೊಳೆದು ಸುಮ್ಮನೆ ಮಲಗಿದ್ದನಂತೆ.

"ಮಾರಿ ಕಳೆಯಲಿಕ್ಕೆ ಹೋದವ, ಮಾರಿಯಾಗಿ ಬಂದೆ ಅಂತ ಹೇಳಿದರು. ಊಟ ಮಾಡಲಿಲ್ಲ. ನಿನಗೆ ಹೇಳುವ ಅಂತ ಇದ್ದೆ, ಬಾಯಿ ಬರಲಿಲ್ಲ."

ಇಷ್ಟಾದ ಮೇಲೆ ಡಾಕ್ಟ್ರು ವಿಷಯವನ್ನು ಗ್ರಾಮಸಭೆಗೆ ಒಯ್ದಳು. ಅವಳು ಕೇಳಿದ್ದು ಬಹಳ ಸಣ್ಣದು. ಬ್ರಾಂಚಿಗೆ ಬರುವಾಗ ಕೆಲವು ತಾಯಂದಿರು ಸಣ್ಣ ಮಕ್ಕಳನ್ನು ಮನೆಯೊಳಗೆ ಹಾಕಿ ಚಿಲಕ ಹಾಕಿ ಬರುತ್ತಿದ್ದರು, ಬೇರೆ ದಾರಿ ಇಲ್ಲದೆ. ಬ್ರಾಂಚಿನ ಪಕ್ಕದಲ್ಲೇ ಅಂಗನವಾಡಿ. ಬೀಡಿ ಕೊಡುವ ದಿನ ಅದನ್ನು ಒಂದು ಗಂಟೆ ಹೆಚ್ಚು ತೆರೆದಿಟ್ಟು, ಸರದಿಯಲ್ಲಿ ಒಬ್ಬೊಬ್ಬ ಅಜ್ಜಿ ಕೂತರೆ ಚಿಲಕದ ಅಗತ್ಯ ಇಲ್ಲ. ಮೆದುಳಿನ ಅಷ್ಟು ದೊಡ್ಡ ವಿಜ್ಞಾನ ಕೊನೆಗೆ ಒಂದು ಬೀಗದ ಕೈಗೆ ಬಂದು ನಿಂತದ್ದು ನೋಡಿ ನನಗೆ ಆ ವಿಜ್ಞಾನದ ಮೇಲೆ ಗೌರವ ಹೆಚ್ಚಾಯಿತು.

ಸಭೆಯಲ್ಲಿ ಅರ್ಧ ಗಂಟೆ ಬೀದಿದೀಪ, ಅರ್ಧ ಗಂಟೆ ಚರಂಡಿ, ಆಮೇಲೆ ಮೆದುಳು. ಒಬ್ಬ ಸದಸ್ಯರು ಎದ್ದು ನಿಂತರು. ಸಿಟ್ಟು ಬಂದರೆ ಕುರ್ಚಿ ಎತ್ತುವ ಜನ. ಪಂಚಾಯತಿನ ಎರಡು ಕುರ್ಚಿಗೆ ಕಾಲಿಲ್ಲದ್ದು ಅವರ ದೆಸೆಯಿಂದ.

"ನಮ್ಮನ್ನೆಲ್ಲ ಹೊಡೆದೇ ಬೆಳೆಸಿದ್ದು. ನಮಗೆ ಎಂತ ಆಗಿದೆ?" ಎಂದು ಕೇಳಿದರು.

ಹಿಂದಿನ ಸಾಲಿನಿಂದ ನನ್ನ ಗೆಳತಿ, "ಅದನ್ನೇ ಡಾಕ್ಟ್ರು ಹುಡುಕ್ತಾ ಇರುವುದು" ಎಂದಳು.

ಸಭೆಗೆ ಸಭೆಯೇ ನಕ್ಕಿತು. ಪುಣ್ಯಕ್ಕೆ ಆ ದಿನ ಕುರ್ಚಿಗಳೆಲ್ಲ ಪ್ಲಾಸ್ಟಿಕ್ಕಿನವು, ಮತ್ತು ಅವರೂ ನಕ್ಕರು. ಕೊನೆಗೆ ನಿರ್ಣಯ ಬರೆಯಲಾಯಿತು: ಮಕ್ಕಳ ಮೆದುಳಿನ ಅಭಿವೃದ್ಧಿ ಕುರಿತು ಪರಿಶೀಲಿಸಿ ಸೂಕ್ತ ಕ್ರಮಕ್ಕಾಗಿ ಮೇಲಧಿಕಾರಿಗಳಿಗೆ ಬರೆದುಕೊಳ್ಳುವುದು. ಬರೆದರೋ ಇಲ್ಲವೋ ದೇವರೇ ಬಲ್ಲ. ಮೇಲಿನಿಂದ ಉತ್ತರ ಬರಲಿಲ್ಲ. ನನ್ನ ಪ್ರಾರ್ಥನೆಗಳ ಅನುಭವದಿಂದ ಹೇಳುವುದಾದರೆ ಮೇಲಿನವರಿಗೆ ಪುರುಸೊತ್ತು ಕಡಿಮೆ. ಡಾಕ್ಟ್ರು ಕಾಯೋಣ ಎಂದಳು. ನಾವು ಕಾಯಲಿಲ್ಲ. ಅಂಗನವಾಡಿಯ ಟೀಚರಮ್ಮನೇ ಒಂದು ದಿನ, ನಾನು ಕೊಟ್ಟದ್ದಲ್ಲ, ನೀವು ಕೇಳಿದ್ದಲ್ಲ ಎಂದು ಹೇಳಿ ಬೀಗದ ಕೈಯನ್ನು ಕಿಟಕಿಯ ದಂಡೆಯಲ್ಲಿಟ್ಟು ಹೋದಳು. ಮೊದಲ ಸರದಿ ನನ್ನದು. ಏಳು ಮಕ್ಕಳು. ಯಾರನ್ನೂ ಹೆದರಿಸದೆ ಒಂದು ಗಂಟೆ ಕಳೆಯುವುದೆಂದರೆ ಏಕಾದಶಿಯ ನಿರ್ಜಲ ಉಪವಾಸಕ್ಕಿಂತ ಕಷ್ಟ. ನಾಲಗೆಯ ತುದಿಗೆ ಪೊಲೀಸು ಬರುತ್ತಾನೆ, ಗುಮ್ಮ ಬರುತ್ತಾನೆ, ಇಂಜೆಕ್ಷನ್ ಬರುತ್ತದೆ. ಒಬ್ಬೊಬ್ಬರನ್ನೇ ಹಿಂದೆ ಕಳುಹಿಸಬೇಕು. ಮೊಮ್ಮಗಳನ್ನು ಮಾತ್ರ ಸೊಸೆ ನನ್ನೊಡನೆ ಅಲ್ಲಿಗೆ ಕಳುಹಿಸಲಿಲ್ಲ, ನಾನು ಬ್ರಾಂಚಿನ ಕಡೆ ಹೋಗುವ ದಿನ ತನ್ನ ಶಾಲೆಗೇ ಕರಕೊಂಡು ಹೋಗುತ್ತಿದ್ದಳು.

ಹೀಗೆ ಮತ್ತೆ ಆಟಿ ಬಂತು.

ಕಳೆಂಜ ಬರುವ ಹಿಂದಿನ ದಿನ ನಾನು ಗೆಳತಿಯನ್ನೂ ಅವಳ ಗಂಡನನ್ನೂ ಚಾಕ್ಕೆ ಕರೆದೆ. ನಮ್ಮ ಅಂಗಳದಲ್ಲೇ ಬಣ್ಣ ಹಚ್ಚಿಕೊಂಡರೆ ಮಗು ನೋಡೀತು ಎಂದು ನನ್ನ ಉಪಾಯ. ಅವನು ಒಪ್ಪಲಿಲ್ಲ, ಅದಕ್ಕೆ ಕಟ್ಟುಕಟ್ಟಳೆ ಉಂಟು, ತಮಾಷೆಯಲ್ಲ ಎಂದ. ತಮಾಷೆ ಎಂಬ ಮಾತು ಹೇಳುವಾಗ ಇಬ್ಬರೂ ನೆಲ ನೋಡಿದೆವು. ಆದರೆ ಜೋಳಿಗೆ ತಂದಿದ್ದ. ಪ್ಯಾಂಟು ಅಂಗಿ ಹಾಕಿಕೊಂಡು, ಸ್ಕೂಟರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಬಂದ ಮನುಷ್ಯ ಜಗಲಿಯಲ್ಲಿ ಕೂತು ಜೋಳಿಗೆಯನ್ನು ಕವುಚಿ ಕೊಡವಿದ. ನಾಲ್ಕು ಕಾಳು ಅಕ್ಕಿ, ಒಂದು ಅರಿಶಿನದ ತುಂಡು, ಮೊಬೈಲಿನ ಹಳೆಯ ಚಾರ್ಜರು ಬಿದ್ದವು. ಮೂಲೆ ಹರಿದಿತ್ತು. ಸೂಜಿ ಕೇಳಿ, ಹೆಂಡತಿಯ ಬೀಡಿಯ ನೂಲಿನಲ್ಲೇ ಹೊಲಿಯಲು ಕೂತ.

ಮಗುವನ್ನು ಯಾರೂ ಕರೆಯಬಾರದು, ಎಳೆಯಬಾರದು, ಧೈರ್ಯ ಹೇಳಬಾರದು ಎಂದು ಡಾಕ್ಟ್ರು ಹೇಳಿದ್ದಳು. ಸುಮ್ಮನಿರುವುದನ್ನು ಕಲಿಯಲು ನನಗೆ ಅರುವತ್ತು ವರ್ಷ ಬೇಕಾಯಿತು. ಅವನು ಹೊಲಿಯುತ್ತ ಹೊಲಿಯುತ್ತ, ಬಾಗಿಲಿನ ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು. ಹೊಲಿದು ಮುಗಿಯುವಾಗ ಎರಡೂ ಕಣ್ಣು. ಅವನು ತಲೆ ಎತ್ತಲಿಲ್ಲ. ಚಾ ಕುಡಿದು ಹೋದ.

ಮರುದಿನ ಸೊಸೆ ರಜೆ ಹಾಕಿದ್ದಳು. ಒಳಗೆ ಅವಳ ಬ್ಯಾಗು ತಯಾರಾಗಿತ್ತು. ವಿಟ್ಲದ ಬಸ್ಸಿನ ಹೊತ್ತು ಅವಳಿಗೆ ಬಾಯಿಪಾಠ. ಹನ್ನೊಂದು ಗಂಟೆಗೆ ತಿರುವಿನಲ್ಲಿ ಗಗ್ಗರದ ಶಬ್ದ ಕೇಳಿತು. ಮಗು ಮಂಚದಡಿಗೆ.

ಸೊಸೆ ನನ್ನನ್ನು ನೋಡಿದಳು. ಏನಾದರೂ ಮಾಡಿ ಎಂದಲ್ಲ, ಏನು ಮಾಡುತ್ತೀರಿ ನೋಡುತ್ತೇನೆ ಎಂದು. ನಾನು ದೇವರ ಕೋಣೆಯ ಕಡೆ ನೋಡಿದೆ. ಅಲ್ಲಿಂದಲೂ ಅದೇ ನೋಟ. ಸೀರೆ ಎತ್ತಿ ಕಟ್ಟಿ, ಮಂಡಿಯೂರಿ, ನಾನೂ ಮಂಚದಡಿಗೆ ನುಗ್ಗಿದೆ. ಭುಜದವರೆಗೆ ಸುಲಭವಾಗಿ ಹೋಯಿತು. ಸೊಂಟದ ಹತ್ತಿರ ದೇವರನ್ನು ನೆನೆಯಬೇಕಾಯಿತು. ಒಳಗೆ ಧೂಳು, ಮಗ ಎಂದೋ ಕಳಕೊಂಡಿದ್ದ ಚೆಂಡು, ನನ್ನದೇ ಒಂದು ಚಪ್ಪಲಿ, ಮತ್ತು ಗೋಡೆಗೆ ಅಂಟಿಕೊಂಡ ಮೊಮ್ಮಗಳು. ಅವಳ ಎದೆ ಹೊಡೆದುಕೊಳ್ಳುವುದು ನೆಲದ ಮೂಲಕ ನನ್ನ ಕೆನ್ನೆಗೆ ತಿಳಿಯುತ್ತಿತ್ತು. ಗೇರುಬೀಜದ ನಾಯಿಯ ಬಗ್ಗೆ ನಾನು ಅಷ್ಟು ಜನಕ್ಕೆ ಪಾಠ ಹೇಳಿದ್ದೆ. ಅದು ಬೊಗಳುವುದನ್ನು ಮುಟ್ಟಿ ನೋಡಿದ್ದು ಆವತ್ತೇ.

ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ನನ್ನನ್ನು ಮರದಿಂದ ಬಿಚ್ಚಿದ ಅಜ್ಜಿಯೂ ಹೇಳಿರಲಿಲ್ಲವಲ್ಲ. ಆಮೇಲೆ ಹೇಳಿದೆ:

"ಅಜ್ಜಿ ಸುಳ್ಳು ಹೇಳಿದ್ದು ಮಗಾ. ಅವನು ಮಕ್ಕಳನ್ನು ಕೊಂಡುಹೋಗುವುದಿಲ್ಲ. ಯಾವತ್ತೂ ಕೊಂಡುಹೋಗಲೇ ಇಲ್ಲ."

"ಮತ್ತೆ ಯಾರನ್ನು?" ಎಂದಿತು ಮಗು.

ಮನೆಗೆ ಬೇಡವಾದ್ದನ್ನು ಎಂದೆ. ಕಾಯಿಲೆ, ಮಾರಿ, ಮನೆಯವರಿಗೆ ಉಪದ್ರ ಕೊಡುವಂಥದ್ದು ಏನಿದ್ದರೂ.

ಅವಳು ಯೋಚಿಸಿದಳು. ಆಮೇಲೆ ನನ್ನ ಬೆನ್ನ ಮೇಲಿನಿಂದಲೇ ತೆವಳಿ ಹೊರಗೆ ಹೋದಳು. ನಾನೂ ಹೊರಡಲು ನೋಡಿದರೆ ಸೊಂಟ ಒಪ್ಪಲಿಲ್ಲ. ಹಾಗಾಗಿ ಮುಂದಿನದ್ದನ್ನು ನಾನು ನೋಡಲಿಲ್ಲ, ಕಿವಿಯಿಂದ ಕೇಳಿದೆ ಅಷ್ಟೇ. ಅಂಗಳದಲ್ಲಿ ಕುಣಿತ ನಿಂತಿತು. ಜಗಲಿಯಲ್ಲಿ ಸಣ್ಣ ಹೆಜ್ಜೆ, ಅದರ ಹಿಂದೆ ಸೊಸೆಯ ಹೆಜ್ಜೆ. ಜೋಳಿಗೆಯ ಮೂಲೆಯ ಹೊಲಿಗೆಯನ್ನು ಮಗು ಬೆರಳಿಟ್ಟು ನೋಡಿತಂತೆ, ನಿನ್ನೆಯದ್ದೇ ಹೌದೋ ಎಂದು. ಒಂದು ವರ್ಷದಿಂದ ಹೊರಗಿನವರ ಮುಂದೆ ಬಾಯಿ ಬಿಡದ ಮಗು, ಬಣ್ಣ ಹಚ್ಚಿ ನಿಂತ ಕಳೆಂಜನಿಗೆ ಸ್ಪಷ್ಟವಾಗಿ ಹೇಳಿತು:

"ನಮ್ಮ ಅಜ್ಜಿಯನ್ನು ಕೊಂಡುಹೋಗು."

ಗಗ್ಗರ ಒಮ್ಮೆ ಗಲ್ಲೆಂದಿತು, ಅವನು ಮಂಡಿಯೂರಿರಬೇಕು.

"ಅಜ್ಜಿ ಭಾರ ಉಂಟು ಮಗಾ," ಎಂದ ಕಳೆಂಜ. "ಜೋಳಿಗೆ ಹರಿದೀತು. ನಿನ್ನೆ ಹೊಲಿದದ್ದಷ್ಟೇ."

ಆಗ ಕೇಳಿದ್ದು ಸೊಸೆಯ ನಗೆ. ಅವಳ ನಗೆ ಹೇಗಿರುತ್ತದೆಂದು ನನಗೆ ಮರೆತೇ ಹೋಗಿತ್ತು. ಯಾರು ಬಂದರಪ್ಪಾ ಎಂದುಕೊಂಡೆ. ನನ್ನನ್ನು ಮಂಚದಡಿಯಿಂದ ಎಳೆಯಲು ಅವಳೂ, ಡೋಲಿನವನೂ ಬೇಕಾದರು. ಕಾಲು ಹಿಡಿದು ಎಳೆದರು. ಸೊಸೆಯಿಂದ ಕಾಲು ಹಿಡಿಸಿಕೊಂಡ ಅತ್ತೆ ಎಂಬ ಪದವಿ ಹೀಗೂ ಸಿಗುತ್ತದೆ.

ಅವಳು ವಿಟ್ಲಕ್ಕೆ ಹೋಗಲಿಲ್ಲವೇ ಎಂದರೆ, ಹೋದಳು. ಅದೇ ಸಂಜೆ, ಮಗುವನ್ನು ಕರಕೊಂಡೇ. ಬಸ್ಸಿಗೆ ಹತ್ತುವಾಗ ನಾನೇನೂ ಕೇಳಲಿಲ್ಲ, ಕೇಳಲು ನನಗೆ ಹಕ್ಕಿರಲಿಲ್ಲ. ಅವಳೇ ಕಿಟಕಿಯಿಂದ, "ಅತ್ತೆ, ಅವಳ ಹಾಸಿಗೆ ಬಿಸಿಲಿಗೆ ಹಾಕಿ. ಸೋಣಕ್ಕೆ ಬೇಕಾಗ್ತದೆ" ಎಂದಳು. ಆಟಿಯಲ್ಲಿ ಬಿಸಿಲು ಎಲ್ಲಿಂದ ತರುವುದು? ಒಲೆಯ ಮೇಲಿನ ಅಟ್ಟದಲ್ಲಿ ಹತ್ತು ದಿನ ಒಣಗಿಸಿದೆ. ಇಡೀ ಮನೆಗೆ ಹೊಗೆಯ ವಾಸನೆ ಬಂತು, ಮೂಗಿಗೆ ಅದು ಧೂಪದ ಹಾಗೆ ಇತ್ತು.

ಸೋಣ ಸಂಕ್ರಮಣದ ಮರುದಿನ ಇಬ್ಬರೂ ಬಂದರು. ಹಾಸಿಗೆ ಈಗಲೂ ಕೆಲವು ದಿನ ಒದ್ದೆಯಾಗುತ್ತದೆ, ಒದ್ದೆಯಾಗದ ದಿನಗಳನ್ನು ಮಾತ್ರ ನಾನು ಎಣಿಸುತ್ತೇನೆ. ಊಟಕ್ಕೆ ಅರ್ಧ ಗಂಟೆಯಲ್ಲ, ಮುಕ್ಕಾಲು ಗಂಟೆ. ಸಹಸ್ರನಾಮ ಎರಡೂ ಮುಗಿಯುತ್ತವೆ.

ಗಂಟೆಯನ್ನು ನಾನಾಗಿ ಮುಟ್ಟಿರಲಿಲ್ಲ. ಒಂದು ಸಂಜೆ ದೀಪ ಹಚ್ಚಿ ಎಂದಿನಂತೆ ಮೆಲ್ಲಗೆ ಕೆಮ್ಮಿದೆ. ಮೊಮ್ಮಗಳು ಬಾಗಿಲಲ್ಲಿ ನಿಂತು, ಅಜ್ಜಿಗೆ ಯಾಕೆ ದಿನಾ ಕೆಮ್ಮು ಎಂದು ಕೇಳಿದಳು. ಗಂಟೆ ಇಲ್ಲದ್ದಕ್ಕೆ ಎಂದೆ. ಅವಳು ಬಂದು ಗಂಟೆಯನ್ನು ಎರಡೂ ಕೈಯಲ್ಲಿ ಹಿಡಿದು, ನಾಲಗೆ ಅಲ್ಲಾಡದ ಹಾಗೆ ಒಳಗೆ ಬೆರಳಿಟ್ಟು ನೋಡಿ, ಬೆರಳು ತೆಗೆದು ಒಮ್ಮೆ ಬಾರಿಸಿದಳು. ನಿಂತು ಕೇಳಿದಳು. ಮತ್ತೊಮ್ಮೆ ಬಾರಿಸಿದಳು. ಆಮೇಲೆ ನಿಲ್ಲಿಸಲೇ ಇಲ್ಲ. ಆರತಿ ಮುಗಿಯಿತು, ಮಂಗಳ ಮುಗಿಯಿತು, ಸೊಸೆ ಬಂದು ಕಿವಿ ಮುಚ್ಚಿಕೊಂಡು ನಿಂತಳು, ಪಕ್ಕದ ಮನೆಯ ನಾಯಿ ಊಳಿಟ್ಟಿತು. ಸಾಕು ಮಾಡು ಎನ್ನಲು ನನಗೆ ಬಾಯಿ ಬರಲಿಲ್ಲ. ದೇವರೇ, ನೀನಾದರೂ ಹೇಳು ಎಂದು ಬೇಡಿಕೊಂಡೆ. ಒಂದು ವರ್ಷದ ಬಾಕಿಯನ್ನು ಒಂದೇ ಸಂಜೆ ಕೇಳುತ್ತಿದ್ದವನಿಗೆ ನನ್ನ ಮಾತು ಕೇಳಿಸಿರಲಿಕ್ಕಿಲ್ಲ.